ಗೆದ್ದೆತ್ತಿನ ಬಾಲ

ಇಂಟರ್‌ನೆಟ್ಟಿನಲ್ಲಿ ಇಪ್ಪತ್ತು ವರ್ಷಗಳಿಂದ ಓಡಾಡುತ್ತಿರುವ ಒಂದು ಸಣ್ಣ ವಿಡಿಯೊ ಇದೆ. 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ‘ಇವೊ’ ಎಂಬ ವಿಡಿಯೊ ಗೇಮ್ ಟೂರ್ನಿಯದು. ಆಟದ ಹೆಸರು ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’. ಪರದೆಯ ಮೇಲೆ ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟ. ಒಂದು ಪಾತ್ರವನ್ನು ಆಡಿಸುತ್ತಿರುವವನು ಅಮೆರಿಕದ ಜಸ್ಟಿನ್ ವಾಂಗ್, ಇನ್ನೊಂದನ್ನು ಜಪಾನಿನ ದೈಗೊ ಉಮೆಹಾರ. ದೈಗೊನ ಪಾತ್ರಕ್ಕೆ ಉಳಿದಿರುವ ಜೀವ ಕೂದಲೆಳೆಯಷ್ಟು. ಇನ್ನೊಂದು ಏಟು ತಾಗಿದರೆ ಮುಗಿಯಿತು.

ಈ ಆಟದಲ್ಲಿ ಜಾಯ್‌ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಹಿಡಿದರೆ ಎದುರಾಳಿಯ ಏಟನ್ನು ತಡೆಯಬಹುದು. ಆದರೆ ದೊಡ್ಡ ಏಟುಗಳನ್ನು ತಡೆದರೂ ಒಂದಿಷ್ಟು ಜೀವ ಸೋರಿಹೋಗುತ್ತದೆ. ದೈಗೊನ ಬಳಿ ಸೋರಲು ಏನೂ ಉಳಿದಿರಲಿಲ್ಲ. ಇದ್ದದ್ದು ‘ಪ್ಯಾರಿ’ ಎಂಬ ಒಂದೇ ದಾರಿ. ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಜಾಯ್‌ಸ್ಟಿಕ್ಕನ್ನು ಹಿಂದಕ್ಕೆ ಎಳೆಯದೆ ಏಟಿನ ಕಡೆಗೇ ತಳ್ಳಬೇಕು. ಸೆಕೆಂಡಿನ ಸಣ್ಣದೊಂದು ಭಾಗದಷ್ಟು ಹೆಚ್ಚುಕಡಿಮೆಯಾದರೂ ಏಟು ಪೂರ್ತಿಯಾಗಿ ಬೀಳುತ್ತದೆ. ಜಸ್ಟಿನ್ ಆಡಿಸುತ್ತಿದ್ದ ಚುನ್ ಲಿ ಒಂದರ ಹಿಂದೆ ಒಂದರಂತೆ 15 ಒದೆಗಳ ಮಹಾಪ್ರಹಾರ ಹೂಡುತ್ತಾಳೆ. ದೈಗೊ ಹದಿನೈದನ್ನೂ ಪ್ಯಾರಿ ಮಾಡುತ್ತಾನೆ, ಕೊನೆಯದನ್ನು ಗಾಳಿಯಲ್ಲಿ ಜಿಗಿದು. ನೆಲಕ್ಕಿಳಿದವನೇ ತಿರುಗಿ ಹೊಡೆದು ಪಂದ್ಯ ಗೆಲ್ಲುತ್ತಾನೆ. ಸುತ್ತ ಕುಳಿತವರು ಎದ್ದುನಿಂತು ಕೂಗುವ ಸದ್ದಿಗೆ ಆಟದ ಸದ್ದೇ ಅಡಗಿಹೋಗುತ್ತದೆ.

ವಿಡಿಯೊ ಅಲ್ಲಿಗೆ ಮುಗಿಯುತ್ತದೆ, ಟೂರ್ನಿ ಮುಗಿಯುವುದಿಲ್ಲ. ಅದು ಫೈನಲ್‌ಗೆ ಹಿಂದಿನ ಪಂದ್ಯ. ಫೈನಲ್‌ನಲ್ಲಿ ದೈಗೊ ತನ್ನದೇ ದೇಶದ ಕೆಂಜಿ ಒಬಾತಾನಿಗೆ ಸೋತ. ಫೈಟಿಂಗ್ ಗೇಮ್‌ಗಳ ಚರಿತ್ರೆಯಲ್ಲಿ ಅತಿ ಹೆಚ್ಚು ನೆನಪಿರುವ ಗೆಲುವು, ಗೆದ್ದವನು ಪ್ರಶಸ್ತಿ ಪಡೆಯದೇ ಹೋದ ಒಂದು ಟೂರ್ನಿಯದು.

ನಾನು ಈ ಆಟಗಳನ್ನು ಆಡುವವನಲ್ಲ. ನನ್ನ ಸಂಶೋಧನೆ ನೀತಿಶಾಸ್ತ್ರಕ್ಕೆ ಸಂಬಂಧಿಸಿದ್ದು. ಆದರೂ ಕೆಲವು ತಿಂಗಳುಗಳಿಂದ ದೈಗೊ ಉಮೆಹಾರನ ವೃತ್ತಿಬದುಕು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕಾರಣ, ನಾವು ದಿನಕ್ಕೊಮ್ಮೆಯಾದರೂ ಆಡುವ ಒಂದು ಮಾತನ್ನು ಅದು ಪ್ರಶ್ನಿಸುತ್ತದೆ. ಆ ಮಾತು: ‘ಸುಮ್ಮನೆ ಕಾಲ ಹಾಳು.’

*

ದೈಗೊ ಹುಟ್ಟಿದ್ದು 1981ರಲ್ಲಿ, ಜಪಾನಿನ ಉತ್ತರದ ಅಓಮೊರಿ ಪ್ರಾಂತ್ಯದಲ್ಲಿ. ಬೆಳೆದದ್ದು ಟೋಕಿಯೊದ ಆರ್ಕೇಡ್‌ಗಳಲ್ಲಿ ಎಂದರೆ ಉತ್ಪ್ರೇಕ್ಷೆಯಲ್ಲ. ನಾಣ್ಯ ಹಾಕಿ ಆಡುವ ಯಂತ್ರಗಳ ಸಾಲು, ಸಿಗರೇಟಿನ ಹೊಗೆ, ಯಂತ್ರದ ಆಚೆಬದಿಯಲ್ಲಿ ಮುಖ ಕಾಣದ ಎದುರಾಳಿ. ಸೋತವನು ಎದ್ದು ಹೋಗಬೇಕು, ಗೆದ್ದವನು ಅದೇ ನಾಣ್ಯದಲ್ಲಿ ಆಡುತ್ತಲೇ ಇರಬಹುದು. 1998ರಲ್ಲಿ, 17ರ ವಯಸ್ಸಿಗೆ, ಆತ ‘ಸ್ಟ್ರೀಟ್ ಫೈಟರ್ ಆಲ್ಫಾ 3’ರಲ್ಲಿ ಜಪಾನಿನ ಚಾಂಪಿಯನ್ ಆಗಿ, ಅಮೆರಿಕಕ್ಕೆ ಹೋಗಿ ಅಲ್ಲಿನ ಅಲೆಕ್ಸ್ ವಾಯೆಯನ್ನೂ ಸೋಲಿಸಿ ಬಂದ. ಆದರೆ ಆ ಕಾಲಕ್ಕೆ ಇದು ಯಾವ ಬಾಗಿಲನ್ನೂ ತೆರೆಯುವ ಸಂಗತಿಯಾಗಿರಲಿಲ್ಲ. ಫೈಟಿಂಗ್ ಗೇಮ್ ಆಡಿ ಜೀವನ ಮಾಡುವ ವೃತ್ತಿಯೇ ಜಪಾನಿನಲ್ಲಿ ಇರಲಿಲ್ಲ.

2004ರ ಆ ಒದೆಗಳ ನಂತರದ ಕತೆ ಇನ್ನೂ ವಿಚಿತ್ರ. ದೈಗೊ ಆಟ ಬಿಟ್ಟ. ಸುಮಾರು ಮೂರು ವರ್ಷ ಮಾಜಾಂಗ್ ಎಂಬ ಮಣೆಯಾಟವನ್ನು, ಹಿಂದೆ ಆರ್ಕೇಡ್‌ಗೆ ಸುರಿದಷ್ಟೇ ಛಲ ಸುರಿದು ಕಲಿತ. ಅದನ್ನೂ ಬಿಟ್ಟ. ಆಮೇಲೆ ವಯಸ್ಸಾದವರ ಆರೈಕೆಯ ಕೆಲಸಕ್ಕೆ ಸೇರಿಕೊಂಡ. ಇತ್ತ ಇಂಟರ್‌ನೆಟ್ಟಿನಲ್ಲಿ ಆ 15 ಒದೆಗಳನ್ನು ಜಗತ್ತು ಮತ್ತೆ ಮತ್ತೆ ನೋಡುತ್ತಿತ್ತು. ಅತ್ತ ಅವನ್ನು ತಡೆದ ಕೈಗಳು ಯಾವುದೋ ಮುದುಕರನ್ನು ಎಬ್ಬಿಸಿ ಕೂರಿಸುತ್ತಿದ್ದವು.

2008ರಲ್ಲಿ ಕ್ಯಾಪ್‌ಕಾಮ್ ಕಂಪನಿ ‘ಸ್ಟ್ರೀಟ್ ಫೈಟರ್ 4’ ಅನ್ನು ಜಪಾನಿನ ಆರ್ಕೇಡ್‌ಗಳಿಗೆ ಬಿಟ್ಟಿತು. ಸರಣಿಯ ಹಿಂದಿನ ಕಂತು ‘ಥರ್ಡ್ ಸ್ಟ್ರೈಕ್’ ಬಂದದ್ದು 1999ರಲ್ಲಿ. ದೈಗೊ ಮತ್ತೆ ಯಂತ್ರದ ಮುಂದೆ ಕುಳಿತ. 2009ರ ಇವೊ ಫೈನಲ್‌ನಲ್ಲಿ ಅದೇ ಜಸ್ಟಿನ್ ವಾಂಗ್‌ನನ್ನು ಸೋಲಿಸಿ ಗೆದ್ದ, 2010ರಲ್ಲಿ ಮತ್ತೆ ಗೆದ್ದ. 2010ರಲ್ಲೇ ಅಮೆರಿಕದ ಮ್ಯಾಡ್ ಕ್ಯಾಟ್ಜ್ ಎಂಬ ಕಂಪನಿ ಆತನಿಗೆ ಪ್ರಾಯೋಜಕನಾಗಿ ನಿಂತಿತು. 28ರ ವಯಸ್ಸಿಗೆ ಆತ ‘ವೃತ್ತಿಪರ ಆಟಗಾರ’ನಾದ. ಗಿನ್ನೆಸ್ ದಾಖಲೆಯಾಯಿತು, 2012ರಲ್ಲಿ ಪುಸ್ತಕ ಬಂತು, ಸಂದರ್ಶನಗಳು ಬಂದವು.

ಈಗ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 2007ರಲ್ಲಿ ದೈಗೊನ ಬದುಕನ್ನು ಬಲ್ಲ ಯಾವ ನೆರೆಯವನಾದರೂ ಏನು ಹೇಳುತ್ತಿದ್ದ? ಓದುವ ವಯಸ್ಸನ್ನು ಆಟದಲ್ಲಿ ಕಳೆದ, ಕೈಯಲ್ಲಿ ಪದವಿಯಿಲ್ಲ, ಹತ್ತು ಹದಿನೈದು ವರ್ಷ ನೀರಿನಲ್ಲಿ ಹೋಮ. 2010ರಲ್ಲಿ ಅದೇ ನೆರೆಯವನು: ಚಿಕ್ಕಂದಿನಿಂದಲೂ ಏನು ಛಲ, ಏನು ಸಾಧನೆ! ಆರ್ಕೇಡಿನ ಆ ವರ್ಷಗಳಲ್ಲಿ ಈ ನಡುವೆ ಏನು ಬದಲಾಯಿತು? ಏನೂ ಇಲ್ಲ. ಕಳೆದುಹೋದ ವರ್ಷಗಳು ಬದಲಾಗುವುದಿಲ್ಲ. ಅವುಗಳ ಮೇಲಿನ ತೀರ್ಪು ಮಾತ್ರ ಅಡಿಮೇಲಾಯಿತು. ನಮ್ಮಲ್ಲಿ ಇದಕ್ಕೊಂದು ಮಾತಿದೆ: ಗೆದ್ದೆತ್ತಿನ ಬಾಲ ಹಿಡಿಯುವುದು. ಸಾಮಾನ್ಯವಾಗಿ ಅದನ್ನು ಸಮಯಸಾಧಕರನ್ನು ಹಂಗಿಸಲು ಬಳಸುತ್ತೇವೆ. ನನಗನ್ನಿಸುವಂತೆ ಅದು ನಮ್ಮ ನೈತಿಕ ತೀರ್ಪುಗಳ ಬಹುಪಾಲನ್ನೂ ವಿವರಿಸುತ್ತದೆ.

*

ಈ ತೊಡಕನ್ನು ತತ್ತ್ವಶಾಸ್ತ್ರದಲ್ಲಿ ಗಟ್ಟಿಯಾಗಿ ಎತ್ತಿದವರು ಬ್ರಿಟನ್ನಿನ ಬರ್ನಾರ್ಡ್ ವಿಲಿಯಮ್ಸ್. 1976ರಲ್ಲಿ ಅವರು ಮಂಡಿಸಿದ ‘ನೈತಿಕ ಅದೃಷ್ಟ’ದ ಚರ್ಚೆಯಲ್ಲಿ ಚಿತ್ರಕಾರ ಗೊಗ್ಯಾನ್‌ನ ಉದಾಹರಣೆ ಬರುತ್ತದೆ. ಹೆಂಡತಿ ಮಕ್ಕಳನ್ನು ಬಿಟ್ಟು ಚಿತ್ರ ಬರೆಯಲು ತಾಹಿತಿ ದ್ವೀಪಕ್ಕೆ ಹೋಗುವ ಮನುಷ್ಯ. ಹೊರಡುವ ದಿನ ಆತನ ನಿರ್ಧಾರ ಸರಿಯೋ ತಪ್ಪೋ? ವಿಲಿಯಮ್ಸ್ ಪ್ರಕಾರ ಅದನ್ನು ಆ ದಿನ ಆತನೂ ಹೇಳಲಾರ. ದೊಡ್ಡ ಚಿತ್ರಕಾರನಾದರೆ ಮಾತ್ರ ತನ್ನ ನಿರ್ಧಾರವನ್ನು ಆತ ಸಮರ್ಥಿಸಿಕೊಳ್ಳಬಲ್ಲ. ಆಗದಿದ್ದರೆ ಸಮರ್ಥನೆಯೇ ಇಲ್ಲ. ಅಂದರೆ ಸಮರ್ಥನೆ ಯಾವಾಗಲೂ ಹಿಂದಿನಿಂದ ಬರುತ್ತದೆ.

ಆದರೆ ವಿಲಿಯಮ್ಸ್ ಅಲ್ಲಿಗೇ ನಿಲ್ಲದೆ ಇನ್ನೊಂದು ಗೆರೆ ಎಳೆಯುತ್ತಾರೆ. ದಾರಿಯಲ್ಲಿ ಅಪಘಾತವಾಗಿ ಗೊಗ್ಯಾನ್ ಮತ್ತೆಂದೂ ಕುಂಚ ಹಿಡಿಯಲಾಗದಿದ್ದರೆ ಆತನ ಯೋಜನೆ ವಿಫಲವಾಯಿತು ಎನ್ನಬಹುದು, ಆದರೆ ಆತ ತಪ್ಪು ಮಾಡಿದ ಎಂದು ಅದು ತೋರಿಸುವುದಿಲ್ಲ. ತಾಹಿತಿ ತಲುಪಿ, ಬರೆದು, ತನ್ನಲ್ಲಿ ಆ ಶಕ್ತಿಯೇ ಇಲ್ಲ ಎಂದು ತಿಳಿದರೆ ಅದು ಬೇರೆ. ಮೊದಲನೆಯದು ಹೊರಗಿನ ಅದೃಷ್ಟ, ಎರಡನೆಯದು ಒಳಗಿನದು.

ಈ ಗೆರೆಯನ್ನು ದೈಗೊನ ಬದುಕಿನ ಮೇಲೆ ಇಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. 2007ಕ್ಕೂ 2010ಕ್ಕೂ ನಡುವೆ ಬದಲಾದದ್ದೆಲ್ಲ ಹೊರಗಿನದು. ಒಸಾಕಾದ ಒಂದು ಕಂಪನಿ ಹಳೆಯ ಸರಣಿಗೆ ಮತ್ತೆ ಜೀವ ಕೊಡಲು ತೀರ್ಮಾನಿಸಿತು. ಜಾಯ್‌ಸ್ಟಿಕ್ ಮಾರುವ ಇನ್ನೊಂದು ಕಂಪನಿಗೆ ಒಂದು ಮುಖ ಬೇಕಾಯಿತು. ಒಳಗಿನದು, ಅಂದರೆ ಆ ಕೈಗಳಲ್ಲಿ ಇದ್ದದ್ದು, 2004ರಲ್ಲಿಯೂ ಇತ್ತು, ಮುದುಕರನ್ನು ಎಬ್ಬಿಸುವಾಗಲೂ ಇತ್ತು. ಈ ಹೊರಗಿನದು ಎಷ್ಟು ಅಲ್ಲಾಡುವ ನೆಲವೆಂದರೆ, ಆತನನ್ನು ‘ವೃತ್ತಿಪರ’ನನ್ನಾಗಿ ಮಾಡಿದ ಮ್ಯಾಡ್ ಕ್ಯಾಟ್ಜ್ ಕಂಪನಿಯೇ 2017ರಲ್ಲಿ ದಿವಾಳಿಯಾಯಿತು. ಆಗ ಆತನ ಹಿಂದಿನ ವರ್ಷಗಳೆಲ್ಲ ಮತ್ತೆ ‘ಕಾಲ ಹಾಳು’ ಆಗಿಬಿಟ್ಟವೇ?

ಹೊರಗಿನದು ಒಳಗಿನದನ್ನು ಹೇಗೆ ಮರೆಮಾಡುತ್ತದೆ ಎನ್ನುವುದಕ್ಕೆ ನಮ್ಮ ಪಕ್ಕದ ದೇಶದಿಂದಲೇ ಇನ್ನೊಂದು ನಿದರ್ಶನ ಇದೆ. ಲಾಹೋರಿನ ಅರ್ಸಲಾನ್ ಸಿದ್ದಿಕಿ, ಆಟದ ಜಗತ್ತಿನಲ್ಲಿ ಅರ್ಸಲಾನ್ ಆಶ್. 2019ರ ಆರಂಭದಲ್ಲಿ ‘ಟೆಕ್ಕನ್ 7’ ಆಡಲು ಜಪಾನಿಗೆ ಹೊರಟಾಗ ಹೊರಗಿನವರಿಗೆ ಆತ ಹೆಚ್ಚುಕಡಿಮೆ ಅಪರಿಚಿತ. ವೀಸಾ, ವಿಮಾನ ಎಂದು ನಾನಾ ತಾಪತ್ರಯ ದಾಟಿ ಇವೊ ಜಪಾನ್ ತಲುಪಿ, ಟೂರ್ನಿಯನ್ನೇ ಗೆದ್ದ. ಅದೇ ವರ್ಷ ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯದ ದಿಗ್ಗಜ ‘ನೀ’ಯನ್ನು ಫೈನಲ್‌ನಲ್ಲಿ ಸೋಲಿಸಿ ಮುಖ್ಯ ಇವೊ ಪ್ರಶಸ್ತಿಯನ್ನೂ ಪಡೆದ. ತನ್ನ ದೇಶದಲ್ಲಿ ತನ್ನಂಥವರು ಇನ್ನೂ ಇದ್ದಾರೆ ಎಂದು ಆತ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಅದು ಬರೀ ವಿನಯದ ಮಾತಲ್ಲ ಎಂದು ಆಮೇಲೆ ಪಾಕಿಸ್ತಾನದ ಬೇರೆ ಆಟಗಾರರು ತೋರಿಸಿದರು. ಲಾಹೋರಿನ ಆರ್ಕೇಡ್‌ಗಳಲ್ಲಿ ಆ ಕೌಶಲ ಮೊದಲೇ ಇತ್ತು. ಜಗತ್ತು ನೋಡಿರಲಿಲ್ಲ, ಅಷ್ಟೆ. ಒಂದು ವೀಸಾ ತಿರಸ್ಕೃತವಾಗಿದ್ದರೆ ಆ ಹುಡುಗನ ವರ್ಷಗಳಿಗೆ ನಾವು ಇಡುತ್ತಿದ್ದ ಹೆಸರೇ ಬೇರೆ. ಹಾಗಾದರೆ ‘ಕಾಲ ಹಾಳು’ ಎಂಬ ತೀರ್ಪಿನಲ್ಲಿ ನಾವು ಅಳೆಯುತ್ತಿರುವುದು ಒಬ್ಬನ ಬದುಕನ್ನೋ, ಒಬ್ಬ ವೀಸಾ ಅಧಿಕಾರಿಯ ಠಸ್ಸೆಯನ್ನೋ?

*

ಇಲ್ಲಿ ಒಂದು ಆಕ್ಷೇಪ ಸಹಜ. ಹೊರಗಿನ ಅದೃಷ್ಟದ ಮಾತು ಇರಲಿ, ಆಟದ ಕೌಶಲದಿಂದ ಯಾರಿಗೆ ಏನು ಪ್ರಯೋಜನ? ಸೇತುವೆ ಕಟ್ಟಿದರೆ ಜನ ದಾಟುತ್ತಾರೆ, ಭತ್ತ ಬೆಳೆದರೆ ಉಣ್ಣುತ್ತಾರೆ. ಕಲ್ಪಿತ ಒದೆಗಳನ್ನು ತಡೆದರೆ?

ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞ 1978ರ ತನ್ನ ಪುಸ್ತಕದಲ್ಲಿ ಆಟಕ್ಕೊಂದು ಸೊಗಸಾದ ವಿವರಣೆ ಕೊಡುತ್ತಾನೆ. ಬೇಕಿಲ್ಲದ ಅಡೆತಡೆಗಳನ್ನು ನಾವಾಗಿಯೇ ಒಪ್ಪಿಕೊಂಡು ಅವನ್ನು ದಾಟಲು ಹೆಣಗುವುದೇ ಆಟ ಎಂಬುದು ಅದರ ತಾತ್ಪರ್ಯ. ಹಾಗೆ ನೋಡಿದರೆ ನಿಷ್ಪ್ರಯೋಜಕತೆ ಆಟದ ದೋಷವಲ್ಲ, ಅದರ ಲಕ್ಷಣ. ಆದರೆ ಈ ಉತ್ತರದಿಂದ ಆಕ್ಷೇಪಿಸುವವರು ಸುಮ್ಮನಾಗುವುದಿಲ್ಲ. ನಾನೂ ಇದನ್ನೇ ನೆಚ್ಚಿಕೊಳ್ಳುವುದಿಲ್ಲ. ಏಕೆಂದರೆ ಪ್ರಯೋಜನದ ಪ್ರಶ್ನೆಗೆ ಉತ್ತರ ದೈಗೊನ ಕತೆಯೊಳಗೇ ಇದೆ, ಅದೂ ನಾವು ಓದಿ ದಾಟಿಬಿಡುವ ಜಾಗದಲ್ಲಿ.

ಈ ಕತೆಯನ್ನು ಸಾಮಾನ್ಯವಾಗಿ ಹೇಗೆ ಹೇಳುತ್ತಾರೆ? ನಾನೂ ಮೇಲೆ ಹೆಚ್ಚುಕಡಿಮೆ ಹಾಗೆಯೇ ಹೇಳಿದೆ. ಏರಿದ, ಆಟ ಬಿಟ್ಟ, ಆರೈಕೆಯ ಕೆಲಸಕ್ಕೆ ಇಳಿದ, ಮತ್ತೆ ಎದ್ದುಬಂದ. ಸಿನಿಮಾ ಮಾಡಿದರೆ ವಿರಾಮಕ್ಕೆ ಮುಂಚಿನ ದುಃಖದ ದೃಶ್ಯ ಆ ವೃದ್ಧರ ಕೋಣೆಯದೇ. ಮಸುಕು ಬೆಳಕು, ಮಂದ ಸಂಗೀತ. ಆದರೆ ಒಂದು ಕ್ಷಣ ತಡೆದು ನೋಡಿ. ಪ್ರಯೋಜನವೇ ನಮ್ಮ ಅಳತೆಗೋಲಾಗಿದ್ದರೆ, ಇಡೀ ಕತೆಯ ಶಿಖರ ಅದೇ ಕೋಣೆಯಾಗಬೇಕಿತ್ತು. ಜಪಾನಿನಲ್ಲಿ ಈಗ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ 65 ದಾಟಿದವರು. ಕೈಲಾಗದ ಒಬ್ಬರನ್ನು ಎಬ್ಬಿಸಿ ಕೂರಿಸಿ ಊಟ ಮಾಡಿಸುವುದಕ್ಕಿಂತ ನೇರವಾದ ಪ್ರಯೋಜನ ಯಾವುದಿದೆ? ಆರ್ಕೇಡನ್ನು ‘ನಿಷ್ಪ್ರಯೋಜಕ’ ಎಂದವನು ಆ ಕೆಲಸಕ್ಕೆ ಸೇರಿದ ದಿನ ದೈಗೊನ ಬೆನ್ನು ತಟ್ಟಬೇಕಿತ್ತು. ಬದಲಿಗೆ ನಾವು ಅದನ್ನು ಪತನವೆಂದು ಓದುತ್ತೇವೆ, ಲಾಸ್ ವೇಗಸ್‌ನ ವೇದಿಕೆಯನ್ನು ಉದ್ಧಾರವೆಂದು.

ನಾವು ಕೇಳುತ್ತಿರುವುದು ಪ್ರಯೋಜನವನ್ನಲ್ಲ ಎಂಬುದು ಇದರಿಂದ ಬಯಲಾಗುತ್ತದೆ. ‘ಏನು ಪ್ರಯೋಜನ?’ ಎಂಬ ಪ್ರಶ್ನೆಯ ವೇಷದಲ್ಲಿ ನಾವು ಕೇಳುವುದು ‘ಯಾರು ಚಪ್ಪಾಳೆ ತಟ್ಟುತ್ತಾರೆ? ಯಾರು ದುಡ್ಡು ಕೊಡುತ್ತಾರೆ?’ ಎಂದು. ಚಪ್ಪಾಳೆ ಬಂದ ಮೇಲೆ ಆಟವೂ ಸಾಧನೆ, ಬಾರದಿದ್ದರೆ ಆರೈಕೆಯೂ ಪತನ. ಈ ಅಳತೆಗೋಲು ಆರ್ಕೇಡಿನ ಹುಡುಗನಿಗೂ ನ್ಯಾಯ ಮಾಡುವುದಿಲ್ಲ, ಆರೈಕೆ ಮಾಡುವ ಕೈಗೂ ಮಾಡುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡುವ ಆಯಾಗಳನ್ನು ನೆನೆಸಿಕೊಳ್ಳಿ. ಅವರ ಉಪಯುಕ್ತತೆಯನ್ನು ಯಾರೂ ಅಲ್ಲಗಳೆಯುವುದಿಲ್ಲ, ಮಕ್ಕಳಿಗೆ ಆದರ್ಶವೆಂದು ಯಾರೂ ತೋರಿಸುವುದೂ ಇಲ್ಲ.

*

ಹಾಗೆಂದು ಆಡುವುದೆಲ್ಲ ಒಳ್ಳೆಯದು, ಯಾರ ವರ್ಷಗಳೂ ವ್ಯರ್ಥವಾಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಕ್ರೌರ್ಯ. ಒಬ್ಬ ದೈಗೊನ ಹಿಂದೆ, ಅಷ್ಟೇ ಹೊತ್ತು ಯಂತ್ರದ ಮುಂದೆ ಕೂತು ಏನೂ ಆಗದೆ ಎದ್ದುಹೋದವರ ಲೆಕ್ಕ ಯಾರ ಬಳಿಯೂ ಇಲ್ಲ. ಗೆಲ್ಲುವುದು ಬೇರೆ, ಗೆಲ್ಲುತ್ತಲೇ ಇರುವುದು ಬೇರೆ, ಫಲಕ್ಕಿಂತ ಬೆಳವಣಿಗೆ ಮುಖ್ಯ ಎಂಬುದು ದೈಗೊನ ಪುಸ್ತಕದ ಮುಖ್ಯ ಎಳೆ. ಒಳ್ಳೆಯ ಮಾತು. ಆದರೆ ಆ ಪುಸ್ತಕ ಅಚ್ಚಾದದ್ದು ಆತ ಗೆದ್ದದ್ದರಿಂದ. ಅದೇ ವಿವೇಕವಿದ್ದ ಸೋತವನ ಪುಸ್ತಕವನ್ನು ಯಾರೂ ಅಚ್ಚು ಹಾಕುವುದಿಲ್ಲ. ‘ಫಲ ಮುಖ್ಯವಲ್ಲ’ ಎಂಬ ಮಾತನ್ನೂ ನಾವು ಫಲ ಪಡೆದವರ ಬಾಯಿಂದಲೇ ಕೇಳಲು ಇಷ್ಟಪಡುತ್ತೇವೆ.

ಹಾಗಾದರೆ ಫಲಕ್ಕೆ ಕಾಯದೆ, ಇವತ್ತೇ, ಒಂದು ಬದುಕನ್ನು ಅಳೆಯಲು ಸಾಧ್ಯವೇ? ಪೂರ್ತಿಯಾಗಿ ಇಲ್ಲ. ಆದರೆ ಇವತ್ತೇ ಉತ್ತರ ಸಿಗುವ ಎರಡು ಪ್ರಶ್ನೆಗಳಿವೆ ಎಂದು ನನ್ನ ನಂಬಿಕೆ.

ಒಂದು, ನಾನು ಮಾಡುತ್ತಿರುವ ಕೆಲಸ ನನ್ನನ್ನು ತಿದ್ದುತ್ತಿದೆಯೇ? ಫೈಟಿಂಗ್ ಗೇಮ್‌ನ ದೊಡ್ಡ ಗುಣವೆಂದರೆ ಅಲ್ಲಿ ನೆಪಕ್ಕೆ ಜಾಗ ಕಡಿಮೆ. ತಂಡವಿಲ್ಲ, ಎದುರಿಗೆ ಇನ್ನೊಬ್ಬ ಮನುಷ್ಯನಿದ್ದಾನೆ, ನಿನ್ನೆ ನಾನು ಸೋತ ರೀತಿ ಇವತ್ತು ನನಗೆ ಪಾಠ. ಪ್ಯಾರಿಯನ್ನು ಮೈಗೂಡಿಸಿಕೊಂಡವನು ಏಟಿಗೆ ಬೆನ್ನು ಕೊಡದೆ ಅದರ ಕಡೆಗೇ ಹೋಗುವುದನ್ನು ಕಲಿತಿರುತ್ತಾನೆ. ಇದಕ್ಕೆ ವಿರುದ್ಧವಾಗಿ, ಬೆರಳನ್ನು ಮಾತ್ರ ಬೇಡುವ, ನಮ್ಮನ್ನು ತಿದ್ದದೆ ಬರೀ ಹಿಡಿದಿಟ್ಟುಕೊಳ್ಳಲೆಂದೇ ಕಟ್ಟಿದ ಮೊಬೈಲ್ ಆಟಗಳಿವೆ. ಅಲ್ಲಿ ಆಡುವವರು ನಾವಲ್ಲ, ಆಟವೇ ನಮ್ಮನ್ನು ಆಡಿಸುತ್ತಿರುತ್ತದೆ. ಎರಡೂ ಪರದೆಯೇ, ಎರಡೂ ‘ಗೇಮ್’. ವ್ಯತ್ಯಾಸ ತಿಳಿಯಲು ಪ್ರಶಸ್ತಿಗೆ ಕಾಯಬೇಕಿಲ್ಲ.

ಎರಡು, ನನ್ನ ವರ್ಷಗಳ ಬೆಲೆಯನ್ನು ಯಾರು ತೆರುತ್ತಿದ್ದಾರೆ? ವಿಲಿಯಮ್ಸ್‌ನ ಗೊಗ್ಯಾನ್ ನಮ್ಮನ್ನು ಕಾಡುವುದು ಆತ ಚಿತ್ರ ಬರೆದನೆಂದಲ್ಲ. ನಿಜವಾದ ಗೊಗ್ಯಾನ್ ಬಿಟ್ಟುಹೋದ ಹೆಂಡತಿ ಮತ್ತು ಐದು ಮಕ್ಕಳ ಬಾಳು ಆ ಚಿತ್ರಗಳ ಲೆಕ್ಕದಲ್ಲಿ ಎಲ್ಲಿಯೂ ಜಮೆಯಾಗುವುದಿಲ್ಲ ಎಂದು. ಚಿತ್ರ ಎಷ್ಟೇ ದೊಡ್ಡದಾದರೂ ಆ ಋಣ ತೀರುವುದಿಲ್ಲ. ಚಿತ್ರ ಕೆಟ್ಟದಾಗಿದ್ದರೆ ಋಣ ಹೆಚ್ಚಾಗುವುದೂ ಇಲ್ಲ. ಬೆಲೆಯ ಪ್ರಶ್ನೆ ಫಲದ ಪ್ರಶ್ನೆಯಿಂದ ಬೇರೆ. ಮನೆಯ ಸಾಲದ ಮೇಲೆ ಕೂತು ಕನಸು ಕಾಣುವವನಿಗೆ ತೀರ್ಪು ಇವತ್ತೇ ಸಿಗುತ್ತದೆ. ತನ್ನ ನಾಣ್ಯ ತಾನೇ ದುಡಿದು ಯಂತ್ರಕ್ಕೆ ಹಾಕುವವನಿಗೂ ಇವತ್ತೇ ಸಿಗುತ್ತದೆ.

ಈ ಪ್ರಶ್ನೆಗಳು ನನಗೆ ಬರೀ ತತ್ತ್ವದವಲ್ಲ. ನಾಲ್ಕು ವರ್ಷದಿಂದ ಪಿಎಚ್‌.ಡಿ. ಮಾಡುತ್ತಿದ್ದೇನೆ. ಫೆಲೋಶಿಪ್ ಮುಗಿಯಲು ಬಂದಿದೆ, ನನ್ನ ವಿಷಯದಲ್ಲಿ ಹುದ್ದೆಗಳು ಬೆರಳೆಣಿಕೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ‘ಮುಗಿದ ಮೇಲೆ ಏನು?’ ಎಂದು ಕೇಳಿದರೆ ಹಪ್ಪಳ ಮುರಿಯುವುದರಲ್ಲಿ ಮಗ್ನನಾಗುತ್ತೇನೆ. ನನಗೆ ಕೆಲಸ ಸಿಕ್ಕರೆ ಈ ವರ್ಷಗಳಿಗೆ ‘ತಪಸ್ಸು’ ಎಂಬ ಹೆಸರು ಬರುತ್ತದೆ, ಸಿಗದಿದ್ದರೆ ಇನ್ನೊಂದು. ಎರಡು ಹೆಸರೂ ಗ್ರಂಥಾಲಯದಲ್ಲಿ ನಾನು ಏನು ಮಾಡಿದೆ ಎಂಬುದನ್ನು ಹೇಳುವುದಿಲ್ಲ. ಮೇಲಿನ ಎರಡು ಪ್ರಶ್ನೆಗಳನ್ನು ಕೇಳಿಕೊಂಡಾಗ ಮೊದಲನೆಯದಕ್ಕೆ ಬಹಳಷ್ಟು ದಿನ ‘ಹೌದು’ ಎನ್ನಬಲ್ಲೆ. ಎರಡನೆಯದಕ್ಕೆ ಉತ್ತರಿಸುವಾಗ, ಅಡಿಕೆಗೆ ರೇಟು ಬಿದ್ದ ವರ್ಷವೂ ತಪ್ಪದೆ ದುಡ್ಡು ಕಳಿಸಿದ ಅಪ್ಪನ ಮುಖ ಎದುರಿಗೆ ಬರುತ್ತದೆ. ದನಿ ತಗ್ಗುತ್ತದೆ. ಆದರೆ ಅದು ಯಾವ ಹುದ್ದೆಯೂ ನನ್ನ ಪರವಾಗಿ ಉತ್ತರಿಸಬಲ್ಲ ಪ್ರಶ್ನೆಯಲ್ಲ.

*

2023ರಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ‘ಸ್ಟ್ರೀಟ್ ಫೈಟರ್ 5’ರಲ್ಲಿ ಚಿನ್ನ ಗೆದ್ದವನು ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂ. ವಯಸ್ಸು 44. ಯಂತ್ರಕ್ಕೆ ನಾಣ್ಯ ಹಾಕಿ ಆಡಿದ ಪೀಳಿಗೆಯವನು. ಆ ಪೀಳಿಗೆ ಕಳೆದ ಸಂಜೆಗಳಿಗೆಲ್ಲ ಒಂದೇ ದಿನದಲ್ಲಿ ರಾಷ್ಟ್ರಗೀತೆಯ ಮರ್ಯಾದೆ ಸಿಕ್ಕಿತು. ಸಂತೋಷವೇ. ಅದೇ ಸ್ಪರ್ಧೆಗೆ ಭಾರತದಿಂದಲೂ ಇಬ್ಬರು ಹೋಗಿದ್ದರು, ಪದಕವಿಲ್ಲದೆ ಮರಳಿದರು. ಅವರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬಂದದ್ದು ಕೆಲವು ಸಾಲು.

ಆ ಇಬ್ಬರೂ ಇಲ್ಲಿಗೆ ಬರುವ ಮುಂಚೆ ಎಷ್ಟು ಸಂಜೆ ಒಂದೇ ಒದೆಯನ್ನು ತಡೆಯುವುದನ್ನು ಅಭ್ಯಾಸ ಮಾಡಿದ್ದರೋ, ಮನೆಯಲ್ಲಿ ಯಾರ ಮಾತು ಕೇಳಿದ್ದರೋ. ಬಾಲ ಹಿಡಿಯಲು ನಮಗೆ ಗೆದ್ದ ಎತ್ತು ಬೇಕು. ಆದರೆ ಉಳುವಾಗ ಎರಡೂ ಎತ್ತು ಒಂದೇ ನೊಗದಲ್ಲಿ ನಡೆದಿರುತ್ತವೆ. ನಿಮ್ಮ ಮನೆಯಲ್ಲೋ ಹಾಸ್ಟೆಲ್ಲಿನಲ್ಲೋ ಯಾರಾದರೂ ಯಾವುದಕ್ಕೋ ಹೀಗೆ ವರ್ಷಗಳನ್ನು ಕೊಡುತ್ತಿದ್ದರೆ, ಮುಂದಿನ ಬಾರಿ ‘ಇದರಿಂದ ಏನು ಪ್ರಯೋಜನ?’ ಎನ್ನುವ ಬದಲು ‘ಇವತ್ತು ಏನು ಕಲಿತೆ?’ ಎಂದು ಕೇಳಿ ನೋಡಿ. ಅವರ ಬಳಿ ಉತ್ತರ ಇರಲಿಕ್ಕಿಲ್ಲ. ಅದೂ ಒಂದು ಉತ್ತರವೇ, ಅವರಿಗೇ ಬೇಗ ತಿಳಿಯುತ್ತದೆ. ಇದ್ದರೆ, ಸ್ವಲ್ಪ ಹೊತ್ತು ಕೂತು ಕೇಳಿಸಿಕೊಳ್ಳಿ.